ಉಗುರಿಗೆ ಯಾರೂ ಮಾಫಿ ಹೇಳಲಿಲ್ಲ

ಪಕ್ಕದ ಪೋರ್ಷನ್ನಿನಲ್ಲಿದ್ದ, ನಾನು ಬಾಯಿ ಎಂದು ಕರೆಯುತ್ತಿದ್ದ ಹೆಂಗಸಿನ ಉಗುರುಗಳಿಗೆ ಬಣ್ಣವಿದೆ ಎಂದು ನನಗೆ ಗೊತ್ತಾಗುವಷ್ಟರಲ್ಲಿ ನಾವು ನೆರೆಕರೆಯವರಾಗಿ ತಿಂಗಳುಗಳೇ ಕಳೆದಿದ್ದವು. ನನ್ನ ಕಣ್ಣಿಗೇನೂ ದೋಷವಿರಲಿಲ್ಲ. ಆ ಬಣ್ಣ ಇದ್ದದ್ದೇ ಹಾಗೆ. ಒಂದು ಶುಕ್ರವಾರ ಟೆರೇಸಿನಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಅವರು ಕ್ಲಿಪ್ ಕೊಡಲೆಂದು ಕೈ ಚಾಚಿದರು. ದೋಹಾದ ಬಿಸಿಲು ನೇರವಾಗಿ ಬೆರಳ ತುದಿಗೆ ಬಿತ್ತು, ಆಗ ಕಂಡಿತು. ಹಸಿರು. ಗಿಣಿ ಹಸಿರಲ್ಲ, ಎಲೆ ಹಸಿರೂ ಅಲ್ಲ. ಬಾವಿಕಟ್ಟೆಯ ಒಳಗಿನ ಪಾಚಿಗೆ ಹಾಲು ಬೆರೆಸಿದರೆ ಎಷ್ಟು ಹಸಿರು ಉಳಿದೀತೋ ಅಷ್ಟು. ಕೈ ನೆರಳಿಗೆ ಹೋದದ್ದೇ ಮತ್ತೆ ಬರೀ ಉಗುರು.

ಉಗುರಿಗೆ ಎಂತ ಆಯ್ತು ಬಾಯಿ ಎಂದು ಕೇಳಿಬಿಟ್ಟೆ. ಏನೋ ಸೋಂಕು ತಗುಲಿರಬೇಕು ಎಂದೇ ನನ್ನ ಅಂದಾಜು. ಅವರು ಕ್ಲಿಪ್ಪಿನ ಬುಟ್ಟಿ ಕೆಳಗಿಟ್ಟು ನಕ್ಕರು. ಆಮೇಲೆ ನನ್ನ ಕೈಯನ್ನು ಹಿಡಿದು ತಿರುಗಿಸಿ ನೋಡಿದರು. ಮದುವೆಯಾಗಿ ಬಂದ ಹೊಸತು, ಹತ್ತೂ ಬೆರಳಿಗೆ ಕಡುಗೆಂಪು ಬಳಿದುಕೊಂಡಿದ್ದೆ.

"ನಿನ್ನ ಕೈ ನೋಡಿದ್ರೆ ಸಿಗ್ನಲ್ ಹತ್ರ ಬಂದ ಹಾಗೆ ಆಗ್ತದೆ ಮಾರಾಯ್ತಿ. ನಿಲ್ಬೇಕಾ, ಹೋಗ್ಬೇಕಾ?" ಎಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ. ಬೇರೆ ಯಾರಾದರೂ ಹೀಗೆ ಅಂದಿದ್ದರೆ ಒಂದು ವಾರ ಮಾತು ಬಿಡುತ್ತಿದ್ದೆ. ಅವತ್ತು ಮಾತ್ರ ಕೆಳಗಿಳಿದು ಬಂದು ಹತ್ತಿಯಲ್ಲಿ ಕೆಂಪನ್ನೆಲ್ಲ ಒರೆಸಿ ತೆಗೆದೆ.

ಇದು ಎರಡು ಸಾವಿರದ ಇಸವಿ ದಾಟಿದ ಮೊದಲ ಕೆಲವು ವರ್ಷಗಳ ಮಾತು. ಈಗ ಮೆಟ್ರೊ ಇಳಿದು ಅಲ್ ಮನ್ಸೂರಾಕ್ಕೆ ನಡೆದು ಹೋಗುವವರಿಗೆ ಆಗಿನ ಮನ್ಸೂರಾವನ್ನು ವರ್ಣಿಸಿದರೆ ನಂಬಲಿಕ್ಕಿಲ್ಲ. ಒಂದು ಹಳೆಯ ವಿಲ್ಲಾವನ್ನು ಪ್ಲೈವುಡ್ ಗೋಡೆ ಹಾಕಿ ತುಂಡು ತುಂಡು ಮಾಡಿ ಬಾಡಿಗೆಗೆ ಕೊಡುತ್ತಿದ್ದರು. ಪ್ರತಿ ತುಂಡಿಗೂ ಪೋರ್ಷನ್ ಎಂದು ಹೆಸರು. ನಮ್ಮದೊಂದು ರೂಮು, ಅಡುಗೆಮನೆ ಎಂದು ಕರೆಯಬಹುದಾದ ಒಂದು ಮೂಲೆ. ಆಚೆ ಬಾಯಿ ಮೆಣಸು ಹುರಿದರೆ ಈಚೆ ನನಗೆ ಸೀನು. ನಮ್ಮ ಕರಾವಳಿಯಲ್ಲಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದು, ಹಿರಿಯರಾದರೆ ಬಾಯಮ್ಮ ಎಂದು ಕರೆಯುವುದು ರೂಢಿ. ನಾನು ಬಾಯಿ ಎನ್ನುತ್ತಿದ್ದೆ. ನಮ್ಮ ನಡುವೆ ಮಾತು ನಡೆಯುತ್ತಿದ್ದದ್ದು ತುಳುವಿನಲ್ಲಿ. ಅವರ ತುಳುವಿಗೆ ಕೊಂಕಣಿಯ ಎಳೆತವಿತ್ತು, ನನ್ನದಕ್ಕೆ ಸಿಡುಕಿನದು. ಇಲ್ಲಿ ಅದನ್ನೆಲ್ಲ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಾಯಿಗೆ ಆಗ ನಲವತ್ತು ದಾಟಿತ್ತು. ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪ್ ಕಂಪನಿಯ ಆಫೀಸಿನಲ್ಲಿ ಸೆಕ್ರೆಟರಿ. ಬೆಳಿಗ್ಗೆ ಕಂಪನಿ ವ್ಯಾನು ಬಂದು ಹಾರನ್ ಹೊಡೆಯುವ ಮೊದಲೇ ಗೇಟಿನಲ್ಲಿ ನಿಂತಿರುತ್ತಿದ್ದರು. ಗಂಡಸರೇ ತುಂಬಿದ ಜಾಗ, ಗ್ರೀಸು, ಕಬ್ಬಿಣದ ಪುಡಿ. ಅವರ ಮ್ಯಾನೇಜರಿಗೆ ಲಿಪ್‌ಸ್ಟಿಕ್ ಕಂಡರಾಗದು, ಜೋರಾಗಿ ನಕ್ಕರಾಗದು. ಅಂಥವನ ಎದುರು ಬಾಯಿ ವರ್ಷಗಟ್ಟಲೆ ಪಾಚಿ ಬಣ್ಣ, ಶಾಯಿ ಬಣ್ಣ, ಬೂದಿ ಬಣ್ಣ, ಮೋಡದ ಬಣ್ಣದ ಉಗುರುಗಳಲ್ಲಿ ಫೈಲು ತೆಗೆದು ಕೊಟ್ಟಿದ್ದರು. ಆ ಮಹಾಶಯ ಒಂದು ಮಾತು ಹೇಳಿದ್ದಿಲ್ಲ. ಹೇಳಬೇಕಾದರೆ ಕಾಣಿಸಬೇಕಲ್ಲ.

ಅವರು ಅದನ್ನು ಮಾಡುತ್ತಿದ್ದ ರೀತಿ ನೋಡುವುದೇ ನನಗೊಂದು ಖುಷಿ. ಬಣ್ಣವಿಲ್ಲದ ನೇಲ್ ಪಾಲಿಶಿನ ಬಾಟಲಿಯನ್ನು ಅರ್ಧ ಖಾಲಿ ಮಾಡಿ, ಕಡುನೀಲಿಯದೋ ಕಪ್ಪಿನದೋ ಒಂದೆರಡು ಹನಿ ಕಡ್ಡಿಯಿಂದ ಇಳಿಸಿ, ಬಾಟಲಿಯನ್ನು ಎರಡು ಅಂಗೈಗಳ ನಡುವೆ ಉರುಳಿಸುವರು. ಕುಲುಕಿದರೆ ಗುಳ್ಳೆ ಬರುತ್ತದಂತೆ. ಉಗುರನ್ನು ಮಾಂಸದ ಅಂಚಿನವರೆಗೂ ಮೋಟಾಗಿ ಕತ್ತರಿಸಿ, ಒಂದೇ ಒಂದು ಸಲ, ತೆಳ್ಳಗೆ ಬಳಿಯುವರು. ಎರಡನೆಯ ಸಲ ಬಳಿದರೆ ಅದು ಬೇರೆಯವರಿಗೆ ಎಂಬುದು ಅವರ ಲೆಕ್ಕ. ಯಾರಿಗೂ ಕಾಣದ ಬಣ್ಣ ಹಚ್ಚಿ ಏನು ಪ್ರಯೋಜನ ಎಂದು ನಾನು ವಾದಕ್ಕೆ ನಿಂತೆ.

"ಇಡೀ ದಿನ ಟೈಪ್ ಮಾಡುವಾಗ ಈ ಕೈಯನ್ನು ನೋಡುದು ನಾನು. ನಂಗೆ ಕಾಣ್ತದಲ್ಲ, ಸಾಕು," ಎಂದರು ಬಾಯಿ.

ವಾದದಲ್ಲಿ ಸೋಲುವುದು ನನಗೆ ಅಭ್ಯಾಸವಿಲ್ಲ. ಆದರೂ ಆವತ್ತು ಅವರ ಕೈಗಳನ್ನೇ ನೋಡುತ್ತ ಕುಳಿತೆ. ಅವರನ್ನು ಮೆಚ್ಚಿಕೊಂಡೆ, ಸ್ವಲ್ಪ ಹೊಟ್ಟೆಕಿಚ್ಚೂ ಪಟ್ಟೆ.

ಅವರ ರೂಮಿನಲ್ಲಿ ಏಸುವಿನ ಪಟದ ಕೆಳಗೆ ಪುಟ್ಟ ಕೆಂಪು ಬಲ್ಬು ಸದಾ ಉರಿಯುತ್ತಿತ್ತು. ಅದರ ಪಕ್ಕದ ಗೋಡೆಯಲ್ಲಿ ಬಿಳಿ ಯೂನಿಫಾರಮ್ಮಿನ ಒಬ್ಬ ಗಂಡಸಿನ ಫೋಟೊ. ಅಗಲ ಭುಜ, ಟೊಪ್ಪಿ ಕಂಕುಳಲ್ಲಿ, ಹಿಂದೆ ಹಡಗಿನ ಕಂಬಿ. ನಮ್ಮವರ ಎಷ್ಟೋ ಮನೆಗಳಲ್ಲಿ ಗಂಡ ಹಡಗಿನಲ್ಲಿ, ಹೆಂಡತಿ ಗಲ್ಫಿನಲ್ಲಿ ಇರುವುದು ಹೊಸ ವಿಷಯವಲ್ಲ. ಫೋಟೊಕ್ಕೆ ಹಾರವಿರಲಿಲ್ಲ, ಗಂಧದ ಬೊಟ್ಟು ಇರಲಿಲ್ಲ, ಎದುರಿಗೆ ದೀಪವಿರಲಿಲ್ಲ. ಹಾಗಾಗಿ ಅವರ ಗಂಡ ಎಲ್ಲೋ ಸಮುದ್ರದ ಮೇಲಿದ್ದಾರೆ ಎಂದು ನಾನು ತೀರ್ಮಾನ ಮಾಡಿಕೊಂಡೆ. ಕೇಳಬೇಕೆಂದು ಅನಿಸಲೇ ಇಲ್ಲ. ನನ್ನನ್ನು ಕೇಳಿದವರಿಗೂ ಹಾಗೆಂದೇ ಹೇಳಿದೆ.

ಎರಡು ವರ್ಷದ ನಂತರ ನಾನು ಬಸುರಿಯಾದೆ. ನನ್ನ ತಾಯಿ ನನ್ನ ಮದುವೆಗೆ ಮೊದಲೇ ತೀರಿಹೋಗಿದ್ದರು. ಹೆರಿಗೆಗೆ ಯಾರನ್ನು ಕರೆಸುವುದು ಎಂಬ ಪ್ರಶ್ನೆಗೆ ಇದ್ದದ್ದು ಒಂದೇ ಉತ್ತರ, ನನ್ನ ಅತ್ತೆ. ವಿಸಿಟ್ ವೀಸಾದಲ್ಲಿ ಬಂದಿಳಿದರು. ಒಂದು ಕೈಚೀಲದ ತುಂಬ ಬಾಣಂತಿ ಮದ್ದಿನ ಬೇರುಗಳು, ಇನ್ನೊಂದರಲ್ಲಿ ಎರಡು ಬಿಳಿಚಿದ ಸೀರೆ.

ಅತ್ತೆ ವಿಧವೆ. ಮಾವ ತೀರಿಹೋದಾಗ ನನ್ನ ಗಂಡ ಇನ್ನೂ ಹೈಸ್ಕೂಲಿನಲ್ಲಿದ್ದರಂತೆ. ಆಮೇಲೆ ಮನೆ ನಡೆದದ್ದು ಅತ್ತೆ ಕಟ್ಟಿದ ಬೀಡಿಯಿಂದ. ಬೀಡಿ ಸುರುಳಿ ಸುತ್ತಿದ ಮೇಲೆ ಎಲೆಯ ತುದಿಯನ್ನು ಉಗುರಿನಿಂದ ಒಳಕ್ಕೆ ಮಡಚಿ ಒತ್ತಬೇಕು. ಒಂದು ಆಯುಷ್ಯ ಒತ್ತಿದ ಹೆಬ್ಬೆರಳಿನ ಉಗುರು ಗೀರುಬಿದ್ದು ದಪ್ಪವಾಗಿತ್ತು. ತಂಬಾಕಿನ ಹಳದಿ ಎಲ್ಲ ಉಗುರುಗಳಿಗೂ ಹಿಡಿದು, ಬೀಡಿ ಕಟ್ಟುವುದನ್ನು ಬಿಟ್ಟು ವರ್ಷಗಳಾದರೂ ಹೋಗಿರಲಿಲ್ಲ. ಯಾರ ಎದುರು ಕುಳಿತರೂ ಎರಡು ಕೈಗಳನ್ನೂ ಸೆರಗಿನೊಳಗೆ ಇಟ್ಟುಕೊಳ್ಳುವುದು ಅವರ ರೂಢಿ. ನನಗೆ ಅದು ಕಂಡದ್ದು ತಡವಾಗಿ.

ಬಾಯಿಯ ಉಗುರು ಅವರಿಗೆ ಕಂಡದ್ದು ಮೊದಲನೆಯ ದಿನವೇ. ಬಾಯಿ ಮೀನುಸಾರಿನ ಪಾತ್ರೆ ಹಿಡಿದು ಬಂದರು, ಕೊಟ್ಟರು, ಹೋದರು. ಬಾಗಿಲು ಮುಚ್ಚಿದ ಮೇಲೆ ಅತ್ತೆ ಮೆಲ್ಲಗೆ, ಆ ಬಾಯಮ್ಮನ ಉಗುರು ಮೋಡದ ಬಣ್ಣ ಅಲ್ವಾ ಎಂದರು. ನಾನು ತಿಂಗಳುಗಟ್ಟಲೆ ನೋಡಿಯೂ ಕಾಣದ್ದನ್ನು ಇವರು ಒಂದು ಪಾತ್ರೆ ಕೈಬದಲಾಗುವುದರೊಳಗೆ ಕಂಡಿದ್ದರು. ಇನ್ನು ಉಪದೇಶ ಶುರುವಾಗುತ್ತದೆ ಎಂದು ನಾನು ಉತ್ತರ ಮಸೆದುಕೊಂಡು ನಿಂತೆ. ಉಪದೇಶ ಬರಲೇ ಇಲ್ಲ. ಚಂದ ಉಂಟು ಎಂದಷ್ಟೇ ಹೇಳಿ ಅತ್ತೆ ಪಾತ್ರೆಯ ಮುಚ್ಚಳ ತೆಗೆದರು.

ಅವರಿಬ್ಬರೂ ಸ್ನೇಹಿತೆಯರಾದದ್ದು ನನ್ನ ಬೆನ್ನ ಹಿಂದೆ. ಮಧ್ಯಾಹ್ನದ ನಂತರ ನನಗೆ ಸತ್ತಂಥ ನಿದ್ದೆ ಬರುತ್ತಿದ್ದ ತಿಂಗಳುಗಳು ಅವು. ಎದ್ದು ನೋಡಿದರೆ ಅತ್ತೆ ಆಚೆ ಪೋರ್ಷನ್ನಿನಲ್ಲಿ. ಸಂಜೆ ವ್ಯಾನಿನಿಂದ ಇಳಿದ ಬಾಯಿಗೆ ಅತ್ತೆ ಚಹಾ ಮಾಡಿಕೊಡುವುದು, ಬಾಯಿ ಅತ್ತೆಗೆ ದೋಹಾ ಕಲಿಸುವುದು. ಕೆಳಗಿನ ಅಂಗಡಿಯವನಿಂದ ಅತ್ತೆ ಕಲಿತ ಮೊದಲ ಅರಬಿ ಶಬ್ದ ಮಾಫಿ. ಇಲ್ಲ, ಆಗದು, ಸಿಗದು, ಎಲ್ಲಕ್ಕೂ ಇಲ್ಲಿ ಅದೊಂದೇ ಮಾತು. ಅಂಗಡಿಯ ಮಲಯಾಳಿ ಬಸಳೆ ಮಾಫಿ ಎಂದರೆ ಅತ್ತೆ, ಹಾಗಾದ್ರೆ ನಿನ್ನ ಅಂಗಡಿಯೇ ಮಾಫಿ ಎಂದು ತುಳುವಿನಲ್ಲಿ ಬೈದು ಬರುವಷ್ಟು ಪಳಗಿದರು.

ಒಂದು ಸಂಜೆ ನಾನು ಎದ್ದು ಆಚೆ ಹೋದಾಗ ಬಾಯಿ ನೆಲದ ಮೇಲೆ ಕುಳಿತು ಬೂದಿ ಬಣ್ಣದ ಬಾಟಲಿ ಉರುಳಿಸುತ್ತಿದ್ದರು. ಅತ್ತೆ ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದರು. ಕೈ ಕೊಡಿ ಅಮ್ಮ, ಹಳದಿ ಮುಚ್ಚಿ ಹೋಗ್ತದೆ ಎಂದು ಬಾಯಿ ಕರೆಯುತ್ತಿದ್ದರು. ಅತ್ತೆ ಕೈಯನ್ನು ಸೆರಗಿನಿಂದ ಹೊರಗೆ ತೆಗೆಯಲಿಲ್ಲ. ನಂಗೆ ಬಣ್ಣ ಎಲ್ಲ ಆಗ್ಲಿಕ್ಕಿಲ್ಲ ಎಂದರು. ಕೆಂಪು ಆಗ್ಲಿಕ್ಕಿಲ್ಲ, ಇದು ಕೆಂಪಲ್ಲ ಎಂದರು ಬಾಯಿ. ಅತ್ತೆ ಕೋರ್ಟಿನಲ್ಲಿ ಕಾಗದಪತ್ರ ಪರಿಶೀಲಿಸುವವರ ಹಾಗೆ ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದರು. ಮಾವ ತೀರಿಹೋದ ಮೇಲೆ ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ದೊಡ್ಡಮ್ಮ, ಚಿಕ್ಕಮ್ಮಂದಿರು ಸುತ್ತ ಕುಳಿತು ಇನ್ನು ಮುಂದೆ ಯಾವುದು ಕೂಡದು ಎಂದು ಹೇಳಿದ್ದನ್ನೆಲ್ಲ ಅವರು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದರು.

"ಕುಂಕುಮ ಮಾಫಿ. ಹೂ ಮಾಫಿ. ಕರಿಮಣಿ, ಗಾಜಿನ ಬಳೆ, ಕಾಲುಂಗುರ, ಎಲ್ಲ ಮಾಫಿ," ಎಂದು ನಿಧಾನವಾಗಿ ಹೇಳಿದರು. "ಬೂದಿ ಬಣ್ಣದ ಉಗುರಿಗೆ ಮಾತ್ರ ಯಾರೂ ಮಾಫಿ ಹೇಳ್ಲಿಲ್ಲ."

ನಾನು ನಗುವುದೋ ಅಳುವುದೋ ತಿಳಿಯದೆ ಬಾಗಿಲಲ್ಲಿ ನಿಂತೆ. ಅತ್ತೆ ಕೈ ಕೊಡಲಿಲ್ಲ, ಕಾಲು ಮುಂದೆ ಮಾಡಿದರು. ಅದರಲ್ಲೂ ಎಲ್ಲ ಬೆರಳಲ್ಲ. ಹೆಬ್ಬೆರಳ ಪಕ್ಕದ ಬೆರಳು, ಎರಡು ಕಾಲಿನದು. ಕಾಲುಂಗುರ ಇದ್ದ ಜಾಗದಲ್ಲಿ ಇಷ್ಟು ವರ್ಷಗಳಾದ ಮೇಲೂ ಒಂದು ಸಣ್ಣ ತಗ್ಗು ಉಳಿದಿತ್ತು. ಬಾಯಿ ಆ ಎರಡು ಉಗುರುಗಳಿಗೆ ತೆಳ್ಳಗೆ ಬೂದಿ ಬಳಿದರು. ಒಣಗುವವರೆಗೆ ಅತ್ತೆ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದಿದ್ದರು, ಒಣಗಿದ ಮೇಲೆ ಬಿಟ್ಟರು. ಸೀರೆ ಪಾದ ಮುಚ್ಚಿತು. ಮನೆಗೆ ಬಂದು ಅಕ್ಕಿ ತೊಳೆಯುವಾಗ ಮಾತ್ರ ಒಂದು ಕ್ಷಣ ನೆರಿಗೆ ಸರಿಸಿ ಕೆಳಗೆ ನೋಡಿಕೊಂಡರು. ನಾನು ಕಂಡೂ ಕಾಣದವಳಂತೆ ತೆಂಗಿನಕಾಯಿ ತುರಿದೆ.

ಏಳನೆಯ ತಿಂಗಳಿಗೆ ಸೀಮಂತದ ಮಾತು ಬಂತು. ನಮ್ಮ ಊರಿನವರ ಕೂಟಕ್ಕೆ ಹಿರಿಯಳೆನಿಸಿದ ಒಬ್ಬ ಅಕ್ಕ ಉಮ್ಮ್ ಸಲಾಲ್‌ನಲ್ಲಿದ್ದರು. ಗಂಡನಿಗೆ ಕಂಪನಿ ಕೊಟ್ಟ ದೊಡ್ಡ ವಿಲ್ಲಾ, ದೊಡ್ಡ ಹಾಲ್. ಊರಿನ ಹೆಣ್ಣುಮಕ್ಕಳ ಸೀಮಂತವೆಲ್ಲ ಅಲ್ಲೇ ನಡೆಯುತ್ತಿತ್ತು. ಮನಸ್ಸು ಒಳ್ಳೆಯದು, ಆದರೆ ಶಾಸ್ತ್ರ ಎಂದರೆ ಒಂದು ಎಳ್ಳಿನಷ್ಟೂ ಆಚೀಚೆ ಆಗಬಾರದು ಅವರಿಗೆ. ಮಡಿಲು ತುಂಬಲು ಐದು ಮಂದಿ ಮುತ್ತೈದೆಯರು ಎಂದರೆ ಐದೇ.

ಮೊದಲು ನನ್ನ ಮಡಿಲು ತುಂಬಬೇಕಾದವರು ಅತ್ತೆ ಎಂದು ನಾನು ಮನೆಯಲ್ಲಿ ಹೇಳಿದೆ. ನನಗೆ ತಾಯಿ ಎಂದು ಇದ್ದವರು ಅವರೊಬ್ಬರೇ. ಅತ್ತೆ ಒಪ್ಪಲಿಲ್ಲ. ನಾನು ಅಡುಗೆಮನೆಯಲ್ಲಿ ಇರ್ತೇನೆ, ಕಡುಬಿನ ಕೆಲಸ ಉಂಟಲ್ಲ ಎಂದರು. ನನ್ನ ಗಂಡ ಇಬ್ಬರ ನಡುವೆ ಸಿಕ್ಕಿ, ಸ್ಟಾಕ್ ಚೆಕ್ ಉಂಟು ಎಂದು ರಜೆಯ ದಿನವೂ ಗೋಡೌನಿಗೆ ಹೋದರು. ನೀವು ಬರದಿದ್ದರೆ ನಾನು ಮಣೆಯ ಮೇಲೆ ಕೂರುವುದಿಲ್ಲ ಎಂದು ನಾನು ಹಟ ಹಿಡಿದೆ. ಕೂರದಿದ್ರೆ ನಿಂತುಕೋ ಎಂದು ಅತ್ತೆ ಅಕ್ಕಿ ಆರಿಸುವುದನ್ನು ಮುಂದುವರಿಸಿದರು. ನಾನು ದನಿ ಏರಿಸಿದೆ. ಈ ಕಾಲದಲ್ಲಿ, ಅದೂ ಈ ಮರುಭೂಮಿಗೆ ಬಂದು, ಯಾರಿಗೆ ಹೆದರುವುದು, ಜನ ಏನಂದರೆ ನಮಗೇನು ಎಂದು ನಾಲಿಗೆಗೆ ಬಂದದ್ದೆಲ್ಲ ಹೇಳಿದೆ.

ಅತ್ತೆ ಮೊರವನ್ನು ಬದಿಗಿಟ್ಟರು.

"ಜನರ ಮಾತು ಬಿಡು ಮಗಾ. ನಾನು ಮುಟ್ಟಿದ ಮೇಲೆ ಮಗುವಿಗೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ, ನಂಗೆ ನಾನು ಎಂತ ಹೇಳಿಕೊಳ್ಳುದು?"

ಅವರು ಶಾಸ್ತ್ರಕ್ಕೆ ಹೆದರಿರಲಿಲ್ಲ, ತನ್ನ ಕೈಗೇ ಹೆದರಿದ್ದರು. ಆ ಕೈಯಿಂದ ಒಂದು ಸಂಸಾರವನ್ನು ದಡ ಮುಟ್ಟಿಸಿದ ಹೆಂಗಸು, ಅದೇ ಕೈ ಹುಟ್ಟದ ಮಗುವಿಗೆ ಕೆಡುಕು ಮಾಡೀತು ಎಂದು ನಂಬಿದ್ದರು. ನನಗೆ ತುಂಬ ಸಂಕಟವಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಗೋಡೆಯಾಚೆಗೆ ಬಾಯಿಗೆ ಎಲ್ಲವೂ ಕೇಳಿಸಿರಬೇಕು. ಪ್ಲೈವುಡ್ ಗೋಡೆಗೆ ಗುಟ್ಟು ಇಟ್ಟುಕೊಂಡು ಗೊತ್ತಿಲ್ಲ.

ಸೀಮಂತದ ಶುಕ್ರವಾರ ಬೆಳಿಗ್ಗೆ ಅತ್ತೆ ಸಾರಿನ ಪುಡಿ ಕೊಟ್ಟು ಬರುತ್ತೇನೆಂದು ಬಾಯಿಯ ಪೋರ್ಷನ್ನಿಗೆ ಹೋದವರು ಬೇಗ ಬರಲಿಲ್ಲ. ಬಂದ ಮೇಲೆ ಸೆರಗು ಹೊದ್ದು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತರು. ನನ್ನ ಗಂಡ ಎಸಿ ಕಡಿಮೆ ಮಾಡಬೇಕೇ ಅಮ್ಮ ಎಂದು ಕೇಳಿದರು. ಬೇಡ ಎಂದು ತಲೆಯಾಡಿಸಿದರು. ದಾರಿಯುದ್ದಕ್ಕೂ ಕೈ ಹೊರಗೆ ತೆಗೆಯಲಿಲ್ಲ. ಬಾಯಿ ಅವರ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಇಬ್ಬರೂ ಜಗಳವಾಡಿದ್ದಾರೆ ಎಂದು ನಾನು ಅಂದುಕೊಂಡೆ.

ಅಕ್ಕನ ಹಾಲ್‌ನಲ್ಲಿ ವಿಮಾನದಲ್ಲಿ ಬಂದ ಮಲ್ಲಿಗೆಯ ಘಮ ತುಂಬಿತ್ತು. ಶಾಸ್ತ್ರಕ್ಕೆ ಬೇಕಾದ ಅಡಿಕೆಯ ಹೂ, ಹಿಂಗಾರ, ಸಿಕ್ಕಿರಲಿಲ್ಲ, ಅದರ ಬಗ್ಗೆ ಅಕ್ಕ ಬಂದವರಿಗೆಲ್ಲ ಕ್ಷಮೆ ಕೇಳುತ್ತಿದ್ದರು. ಕೆಂಪು ಸೋಫಾಗಳನ್ನು ಗೋಡೆಗೆ ಒತ್ತಿ, ನಡುವೆ ಮಣೆ ಹಾಕಿ, ಎದುರಿಗೆ ದೀಪ, ಚಕ್ಕುಲಿ, ಹೋಳಿಗೆ, ಕಡುಬು, ಹಣ್ಣುಗಳ ತಟ್ಟೆಗಳು. ನನ್ನನ್ನು ಕೂರಿಸಿದರು. ಹಸಿರು ಬಳೆ ತೊಡಿಸಿದರು, ಮಲ್ಲಿಗೆ ಮುಡಿಸಿದರು. ಅತ್ತೆ ಹೇಳಿದ ಹಾಗೆಯೇ ಅಡುಗೆಮನೆ ಸೇರಿದ್ದರು. ಬಾಗಿಲ ಪರದೆಯ ಕೆಳಗೆ ಅವರ ಸೀರೆಯ ಅಂಚು ಮಾತ್ರ ನನಗೆ ಕಾಣುತ್ತಿತ್ತು. ಒಬ್ಬೊಬ್ಬರಾಗಿ ಬಂದು ಅಕ್ಕಿ, ತೆಂಗಿನಕಾಯಿ, ವೀಳ್ಯ, ಬಾಳೆಹಣ್ಣು ನನ್ನ ಸೆರಗಿಗೆ ಹಾಕಿ ಹರಸಿದರು. ಎಲ್ಲರೂ ಒಳ್ಳೆಯವರೇ. ನಾನು ನಗಬೇಕಾದಲ್ಲಿ ನಕ್ಕೆ.

ಅಕ್ಕನೂ ಸೇರಿ ನಾಲ್ಕು ಮಂದಿ ಆದರು. ಐದನೆಯವಳ ಫೋನು ಬಂತು. ಗಂಡನಿಗೆ ಕಂಪನಿಯಿಂದ ತುರ್ತು ಕರೆ, ಕಾರಿಲ್ಲ, ಬರಲಿಕ್ಕಾಗುವುದಿಲ್ಲ. ಅಕ್ಕ ಚಡಪಡಿಸಿದರು. ಉಳಿದವರು ಇಬ್ಬರು ಮದುವೆಯಾಗದ ಹುಡುಗಿಯರು. ಹಾಲ್‌ನ ಸುತ್ತ ಕಣ್ಣಾಡಿಸಿದ ಅಕ್ಕನಿಗೆ ಮೂಲೆಯಲ್ಲಿ ತಟ್ಟೆ ಜೋಡಿಸುತ್ತಿದ್ದ ಬಾಯಿ ಕಂಡರು. ಹಣೆಯ ಕುಂಕುಮ ನೋಡಿ ಲೆಕ್ಕ ಹಾಕುವವರಿಗೆ ಬಾಯಿಯ ಹಣೆ ಯಾವತ್ತೂ ಖಾಲಿಯೇ. ಕುತ್ತಿಗೆಯಲ್ಲಿ ಸಣ್ಣ ಶಿಲುಬೆಯ ಸರ. ಅವರ ಗಂಡ ಹಡಗಿನಲ್ಲಿದ್ದಾರೆ ಎಂದು ಅಕ್ಕನಿಗೆ ಹೇಳಿದವಳು ನಾನೇ.

ಬಾಯಿ, ನೀವೇ ಬನ್ನಿ, ಧರ್ಮ ಯಾವುದಾದರೆ ಏನು, ನಮ್ಮ ಊರಿನವರೇ ಅಲ್ವಾ ಎಂದು ಅಕ್ಕ ಕರೆದರು. ತನ್ನ ದೊಡ್ಡ ಮನಸ್ಸಿಗೆ ತಾನೇ ಸ್ವಲ್ಪ ಹಿಗ್ಗಿದ ಹಾಗೂ ಕಂಡಿತು. ಬಾಯಿ ಕದಲಲಿಲ್ಲ. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ನಾನೂ ನೋಡಿದೆ. ಪರದೆ ಸರಿದಿತ್ತು, ಅತ್ತೆ ಹೊಸ್ತಿಲ ಒಳಗೆ ನಿಂತಿದ್ದರು. ಬಾಯಿಯನ್ನೇ ದಿಟ್ಟಿಸಿ, ಆಗಬಹುದು ಎಂಬಂತೆ ಒಂದು ಸಲ ತಲೆಯಾಡಿಸಿದರು.

ಬಾಯಿ ಬಂದು ನನ್ನ ಎದುರು ಕುಳಿತು, ಎರಡು ಕೈ ತುಂಬ ಅಕ್ಕಿ ತೆಗೆದು ನನ್ನ ಸೆರಗಿಗೆ ಹಾಕಿದರು. ಆವತ್ತು ಅವರ ಉಗುರಿಗೆ ಬಣ್ಣವಿರಲಿಲ್ಲ. ತೊಳೆದ ಬರಿಯ ಉಗುರು. ನಾನು ಅವರನ್ನು ಬಣ್ಣವಿಲ್ಲದೆ ಕಂಡದ್ದು ಅದೇ ಮೊದಲು. ತೆಂಗಿನಕಾಯಿ ಇಟ್ಟು, ನನ್ನ ತಲೆಯ ಮೇಲೆ ಕೈಯಿಟ್ಟು ಕೊಂಕಣಿಯಲ್ಲಿ ಏನೋ ಹೇಳಿ ಎದ್ದರು. ಆರತಿ ತರಲು ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದರು.

ಆಗ ಅತ್ತೆ ಹೊಸ್ತಿಲು ದಾಟಿ ಬಂದರು. ಅಕ್ಕ ಗಲಿಬಿಲಿಗೊಂಡು, ಅಮ್ಮ, ನೀವು ಆಮೇಲೆ ಹರಸಿದರೆ ಆಗದೇ ಎಂದು ನಯವಾಗಿಯೇ ತಡೆದರು. ಅತ್ತೆ ನಿಂತರು, ಹಿಂದೆ ಸರಿಯಲಿಲ್ಲ.

"ಈ ಬಾಯಮ್ಮನ ಗಂಡ ಹಡಗಿನಲ್ಲಿ ಇಲ್ಲ. ತೀರಿ ಹೋಗಿ ವರ್ಷಗಳಾಯ್ತು. ನಿಮಗೆ ಗೊತ್ತಿರ್ಲಿಲ್ಲ, ನಂಗೆ ಗೊತ್ತಿತ್ತು. ಗೊತ್ತಿದ್ದೇ ನಾನು ಆಗ್ಬಹುದು ಅಂದೆ. ಅವರ ಕೈ ನನ್ನ ಮಗುವಿಗೆ ಆಗ್ತದೆ ಅಂತಾದ್ರೆ, ನನ್ನದೂ ಆಗ್ತದೆ."

ಎಲ್ಲರೂ ಬಾಯಿಯನ್ನು ನೋಡಿದರು. ಬಾಯಿ ಹೌದು ಎಂದರು, ಅಷ್ಟೇ. ನನಗೆ ಆ ಫೋಟೊ ಕಣ್ಣ ಮುಂದೆ ಬಂತು. ಹಾರವಿಲ್ಲದ್ದಕ್ಕೆ ಬದುಕಿದ್ದಾರೆ ಎಂದುಕೊಂಡಿದ್ದೆನಲ್ಲ, ಅವರಲ್ಲಿ ಫೋಟೊಕ್ಕೆ ಹಾರ ಹಾಕುವ ಕ್ರಮವೇ ಇಲ್ಲ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಅತ್ತೆ ಮಾತ್ರ ಮೊದಲ ವಾರವೇ ನೇರವಾಗಿ ಕೇಳಿ ತಿಳಿದುಕೊಂಡಿದ್ದರಂತೆ. ಅಕ್ಕ ಏನು ಮಾಡುವುದೆಂದು ನನ್ನ ಮುಖ ನೋಡಿದರು. ಮಡಿಲು ನನ್ನದು ಅಕ್ಕ ಎಂದೆ. ನನ್ನ ದನಿಯನ್ನು ಬಲ್ಲವರಾದ್ದರಿಂದ ಅವರು ಬದಿಗೆ ಸರಿದು ಜಾಗ ಬಿಟ್ಟರು.

ಅತ್ತೆ ನನ್ನ ಎದುರು ಕುಳಿತು ಸೆರಗಿನೊಳಗಿಂದ ಕೈ ಹೊರಗೆ ತೆಗೆದರು. ಹತ್ತು ಬೆರಳು. ಹತ್ತಕ್ಕೂ ಬೂದಿ ಬಣ್ಣ. ಗೀರುಬಿದ್ದ ಹೆಬ್ಬೆರಳಿನ ಉಗುರಿಗೂ, ತಂಬಾಕಿನ ಹಳದಿ ಹಿಡಿದ ತೋರುಬೆರಳಿಗೂ, ಒಂದೇ ಸಲ, ತೆಳ್ಳಗೆ. ಹಾಗಾದರೆ ನಿರ್ಧಾರ ಬೆಳಿಗ್ಗೆಯೇ ಆಗಿತ್ತು. ಹೊಸ್ತಿಲು ದಾಟಲು ಧೈರ್ಯ ಬರಬೇಕಾಗಿತ್ತು, ಅದನ್ನು ಬಾಯಿ ತನ್ನ ಕೈ ಮೊದಲು ಇಟ್ಟು ಕೊಟ್ಟಿದ್ದರು. ತನ್ನ ಉಗುರು ಬರಿದು ಮಾಡಿಕೊಂಡು ಇವರ ಉಗುರಿಗೆ ಹಚ್ಚಿ ಬಂದಿದ್ದರು. ಆ ಹಾಲ್‌ನಲ್ಲಿ ಇಷ್ಟು ಹೆಂಗಸರಿದ್ದರು, ಬಣ್ಣ ಕಂಡದ್ದು ನನಗೊಬ್ಬಳಿಗೆ. ಅಷ್ಟು ಮೆತ್ತಗಿತ್ತು ಅದು. ದೀಪದ ಹತ್ತಿರ ಕೈ ಬಂದಾಗ ಒಂದಿಷ್ಟು ಬೂದಿ, ಆಚೆ ಹೋದಾಗ ಬರೀ ಮುದುಕಿಯ ಉಗುರು.

ಆ ಕೈ ನನ್ನ ಸೆರಗಿಗೆ ಅಕ್ಕಿ ಹಾಕಿತು, ನನ್ನ ಹೊಟ್ಟೆಯ ಮೇಲೆ ಒಂದು ಕ್ಷಣ ನಿಂತಿತು. ನಾನು ಜೋರಾಗಿ ಅತ್ತುಬಿಟ್ಟೆ. ಅಳಬಾರದು ಎಂದು ಅಕ್ಕ ಹೇಳಲಿಲ್ಲ, ಅವರ ಕಣ್ಣೂ ಒದ್ದೆಯಾಗಿತ್ತು. ಅವರನ್ನು ನಾನು ಅಲ್ಲಿಯವರೆಗೆ ಎಷ್ಟು ದೂರಿದ್ದರೂ, ಆಮೇಲೆ ಆರತಿ ತಟ್ಟೆಯ ಒಂದು ಬದಿಯನ್ನು ಅತ್ತೆಗೂ ಹಿಡಿಯಲು ಕೊಟ್ಟರು ಎಂಬುದನ್ನು ಹೇಳದಿದ್ದರೆ ತಪ್ಪಾದೀತು.

ಮಗಳು ಹುಟ್ಟಿದಳು. ಇಬ್ಬರು ವಿಧವೆಯರು ಮುಟ್ಟಿ ಹರಸಿದ ಮಗು, ಉಸಿರು ಕಟ್ಟುವಂತೆ ಅರಚುವ, ಗುಂಡುಗುಂಡಾದ ಹೆಣ್ಣು. ಸಿಟ್ಟಿನಲ್ಲಿ ನನ್ನನ್ನೂ ಮೀರಿಸಿದಳು. ಆಸ್ಪತ್ರೆಯಿಂದ ಮನೆಗೆ ತಂದ ದಿನ ಅತ್ತೆ ಅವಳ ಕೈಬೆರಳುಗಳನ್ನು ಬಿಡಿಸಿ ಬಿಡಿಸಿ ಎಣಿಸಿದರು. ಆಮೇಲೆ ಸ್ನಾನದ ನೀರು ಕಾಯಿಸಲು ಹೋದರು. ಬಾಣಂತನ ಮುಗಿಯುವವರೆಗೆ ಅವರ ಉಗುರಿಗೆ ಬಣ್ಣವಿಲ್ಲ, ಮಗುವಿಗೆ ಎಣ್ಣೆ ಹಚ್ಚಬೇಕಲ್ಲ. ವಾಪಸು ಹೊರಡುವ ಹಿಂದಿನ ದಿನ ಬಾಯಿ ಬೂದಿ ಬಣ್ಣದ ಬಾಟಲಿಯೊಂದನ್ನು ತಯಾರಿಸಿ, ಮುಚ್ಚಳಕ್ಕೆ ಟೇಪು ಸುತ್ತಿ, ಅತ್ತೆಯ ಚೀಲದಲ್ಲಿ ಇಟ್ಟರು.

ಊರಿನಲ್ಲಿ ಅತ್ತೆ ಹಚ್ಚುವುದನ್ನು ಬಿಡಲಿಲ್ಲ. ನೆರೆಮನೆಯವಳೊಬ್ಬಳು ಕಣ್ಣು ಕಿರಿದು ಮಾಡಿ ನೋಡಿ, ಉಗುರು ಹೀಗ್ಯಾಕೆ ಬೂದಿ ಹಿಡಿದದ್ದು ಎಂದು ಕೇಳಿದಳಂತೆ. ಅಲ್ಲಿಯ ನೀರು ಹಾಗೆ, ಉಪ್ಪುನೀರನ್ನು ಸಿಹಿ ಮಾಡಿ ಕುಡಿಯುದಲ್ವಾ, ಉಗುರಿಗೆ ಬರ್ತದೆ ಎಂದು ಅತ್ತೆ ಹೇಳಿದರಂತೆ. ಅವಳು ನಂಬಿ, ಗಲ್ಫಿನಲ್ಲಿರುವ ತನ್ನ ಮಗನಿಗೆ ನೀರು ನೋಡಿ ಕುಡಿ ಎಂದು ಫೋನು ಮಾಡಿದಳಂತೆ. ಇದನ್ನು ಹೇಳುವಾಗ ಅತ್ತೆ ಫೋನಿನಲ್ಲಿ ನಕ್ಕ ನಗು ನನಗೆ ಈಗಲೂ ಕಿವಿಯಲ್ಲಿದೆ. ಹಾಗೆ ನಗುವ ಹೆಂಗಸು ಅವರೊಳಗೆ ಇದ್ದಾಳೆಂದು ನನ್ನ ಗಂಡನಿಗೂ ಗೊತ್ತಿರಲಿಲ್ಲ.

ಆದರೆ ಊರು ಊರೇ. ಮುಂದಿನ ವರ್ಷ ನಮ್ಮ ಸಂಬಂಧದ ಹುಡುಗಿಯೊಬ್ಬಳ ಸೀಮಂತವಿತ್ತು. ಅತ್ತೆಯನ್ನು ಯಾರೂ ಮಣೆಯ ಹತ್ತಿರ ಕರೆಯಲಿಲ್ಲ. ಆ ವಾರ ಫೋನು ಮಾಡಿದಾಗ ನಾನು ಕೇಳಿದೆ. ಅಡುಗೆಮನೆಯಲ್ಲೇ ಇದ್ದೆ, ಕಡುಬು ಚೆನ್ನಾಗಿ ಬಂದಿತ್ತು ಎಂದರು. ನಾನು ಅಲ್ಲೇ ಇದ್ದಿದ್ದರೆ ಒಬ್ಬೊಬ್ಬರಿಗೂ ಸರಿಯಾಗಿ ಹೇಳುತ್ತಿದ್ದೆ ಎಂದು ಕೂಗಾಡಿದೆ. ಫೋನ್ ಕಾರ್ಡಿನ ನಿಮಿಷಗಳೆಲ್ಲ ನನ್ನ ಕೂಗಾಟಕ್ಕೇ ಖರ್ಚಾದವು. ಅತ್ತೆ ಪೂರ್ತಿ ಕೇಳಿಸಿಕೊಂಡರು. ಕೊನೆಗೆ, ಆಯ್ತಾ ನಿನ್ನದು, ಈಗ ನಾನು ಹೇಳುವುದು ಕೇಳು ಎಂದರು.

"ಆ ಬಾಟಲಿ ಮುಗೀತು. ಬಾಯಮ್ಮನಿಗೆ ಹೇಳು, ಇನ್ನೊಂದು ಮಾಡಿ ಕಳಿಸ್ಲಿಕ್ಕೆ. ಬೂದಿಯೇ ಇರ್ಲಿ," ಎಂದು ನಿಲ್ಲಿಸಿ, ಆಚೀಚೆ ಯಾರಾದರೂ ಇದ್ದಾರೆಯೇ ಎಂದು ನೋಡಿದವರ ಹಾಗೆ ಒಂದು ಕ್ಷಣ ತಡೆದು, ದನಿ ತಗ್ಗಿಸಿದರು. "ಈ ಸಲ ಸ್ವಲ್ಪ ನೀಲಿ ಜಾಸ್ತಿ ಹಾಕ್ಲಿ."